ಸಕ್ಕರೆ ಅಚ್ಚಿನಿಂದ ಕೇಕಿನವರೆಗೆ: ಹಬ್ಬದ ಸಿಹಿಯ ಇತಿಹಾಸ

ಇತಿಹಾಸ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಯುದ್ಧಗಳು, ರಾಜವಂಶಗಳು ಮತ್ತು ಬಾಯಿಪಾಠ ಮಾಡಬೇಕಾದ ಇಸವಿಗಳು. ಆದರೆ ಇತಿಹಾಸವು ಕೋಟೆ ಕೊತ್ತಲಗಳಲ್ಲಿ ಮಾತ್ರ ಇರುವುದಿಲ್ಲ. ಅದು ಅಡುಗೆಮನೆಯ ಸಕ್ಕರೆ ಡಬ್ಬಿಯಲ್ಲೂ ಇದೆ.

ಸಂಕ್ರಾಂತಿಯ ದಿನ ನೆರೆಮನೆಯಿಂದ ಎಳ್ಳು ಬೆಲ್ಲದ ಜೊತೆ ಬರುವ ಸಕ್ಕರೆ ಅಚ್ಚನ್ನು ನೀವು ಕೈಯಲ್ಲಿ ಹಿಡಿದು ನೋಡಿರುತ್ತೀರಿ. ಆನೆ, ಮೀನು, ಕುದುರೆ, ಗೋಪುರ ಹೀಗೆ ಎಷ್ಟೊಂದು ಆಕಾರಗಳು! ಹಾಗೆಯೇ ಮದುವೆಯಲ್ಲೋ ಹುಟ್ಟುಹಬ್ಬದಲ್ಲೋ ಕೇಕಿನ ಮೇಲೆ ಬಿಡಿಸಿದ ಸಕ್ಕರೆಯ ಗುಲಾಬಿಯನ್ನೂ ನೋಡಿರುತ್ತೀರಿ. ಒಂದು ನಮ್ಮ ಊರಿನದು, ಇನ್ನೊಂದು ವಿಲಾಯಿತಿಯದು ಎಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಇವೆರಡೂ ಒಂದೇ ಕುಟುಂಬಕ್ಕೆ ಸೇರಿದವು. ಆ ಕುಟುಂಬದ ಮೂಲ ನಮ್ಮ ದೇಶದಲ್ಲೇ ಇದೆ.

ಶಬ್ದಗಳು ಹೇಳುವ ಕಥೆ

ಕಬ್ಬಿನ ರಸವನ್ನು ಕುದಿಸಿ ಹರಳು ಮಾಡುವ ವಿದ್ಯೆ ಭಾರತದ ಕೊಡುಗೆ. ಕ್ರಿ.ಶ. 647ರಲ್ಲಿ ಚೀನಾದ ಚಕ್ರವರ್ತಿ ತೈಜಾಂಗ್ ಸಕ್ಕರೆ ಕಾಯಿಸುವ ವಿಧಾನವನ್ನು ಕಲಿತು ಬರಲು ಮಗಧಕ್ಕೆ ತನ್ನವರನ್ನು ಕಳುಹಿಸಿದ್ದನು. ಪಶ್ಚಿಮದ ಕಡೆಗೆ ಈ ವಿದ್ಯೆ ಪರ್ಷಿಯಾದ ಮೂಲಕ ಅರಬರಿಗೆ ತಲುಪಿತು.

ಈ ಪ್ರಯಾಣಕ್ಕೆ ಸಾಕ್ಷಿಯಾಗಿ ಶಬ್ದಗಳೇ ನಿಂತಿವೆ. ಸಂಸ್ಕೃತದ 'ಶರ್ಕರಾ' ಕನ್ನಡದಲ್ಲಿ ಸಕ್ಕರೆಯಾಯಿತು, ಫಾರಸಿಯಲ್ಲಿ 'ಶಕರ್', ಅರಬ್ಬಿಯಲ್ಲಿ 'ಸುಕ್ಕರ್', ಇಂಗ್ಲಿಷಿನಲ್ಲಿ 'ಶುಗರ್' ಆಯಿತು. 'ಖಂಡ' ಎಂಬ ಶಬ್ದ ಫಾರಸಿಯಲ್ಲಿ 'ಕಂದ್' ಆಗಿ, ಕೊನೆಗೆ ಮಕ್ಕಳು ಚೀಪುವ 'ಕ್ಯಾಂಡಿ' ಆಯಿತು. ಉರ್ದು ಓದುವ ವಿದ್ಯಾರ್ಥಿಗಳು ಇನ್ನೊಂದನ್ನು ಗಮನಿಸಬೇಕು. ಕಲ್ಲುಸಕ್ಕರೆಗೆ ನಾವು 'ಮಿಸ್ರಿ' ಎನ್ನುತ್ತೇವೆ. ಮಿಸ್ರ್ ಎಂದರೆ ಈಜಿಪ್ಟ್. ನಮ್ಮಿಂದ ಹೋದ ವಿದ್ಯೆ ಅಲ್ಲಿ ಬೆಳೆದು, ಅಲ್ಲಿನ ಹೆಸರು ಹೊತ್ತು ನಮ್ಮ ಮನೆಗೆ ಮರಳಿದೆ.

ಕೈರೋ ನಗರದ ಈದ್

ಸಕ್ಕರೆಯನ್ನು ತಿನ್ನುವುದಕ್ಕಷ್ಟೇ ಅಲ್ಲದೆ ಅಲಂಕಾರಕ್ಕೂ ಬಳಸುವ ಕಲೆ ಈಜಿಪ್ಟಿನಲ್ಲಿ ಬಹಳ ಎತ್ತರಕ್ಕೆ ಏರಿತು. ಫಾತಿಮೀ ಖಲೀಫ ಅಲ್ ಅಜೀಜ್ (ಆಳ್ವಿಕೆ 975-996) ಕಾಲದಲ್ಲಿ ಕೈರೋದಲ್ಲಿ 'ದಾರುಲ್ ಫಿತ್ರಾ' ಎಂಬ ಪ್ರತ್ಯೇಕ ಮನೆಯೇ ಇತ್ತು. ಈದುಲ್ ಫಿತ್ರ್ ಹಬ್ಬಕ್ಕೆ ಹಂಚಬೇಕಾದ ಸಿಹಿತಿಂಡಿಗಳನ್ನು ಅಲ್ಲಿ ತಯಾರಿಸುತ್ತಿದ್ದರು.

ಫಾರಸಿ ಕವಿ ಹಾಗೂ ಪ್ರವಾಸಿ ನಾಸಿರ್ ಖುಸ್ರೋ ಹಿಜರಿ 440ರಲ್ಲಿ, ಅಂದರೆ ಕ್ರಿ.ಶ. 1049ರಲ್ಲಿ, ಅದೇ ನಗರದಲ್ಲಿದ್ದನು. ಘಜ್ನಿಯ ಸುಲ್ತಾನರ ದರ್ಬಾರನ್ನು ಕಂಡಿದ್ದ ಆತನಿಗೆ ಇಲ್ಲಿನ ಹಬ್ಬದ ಔತಣದ ಸಿದ್ಧತೆಯನ್ನೂ ನೋಡುವ ಆಸೆಯಾಯಿತು. ಪರಿಚಯದ ಅಧಿಕಾರಿಯೊಬ್ಬನ ನೆರವಿನಿಂದ ಒಳಗೆ ಹೋದನು. ಆತ ತನ್ನ 'ಸಫರ್‌ನಾಮಾ'ದಲ್ಲಿ ಬರೆದಂತೆ, ಆ ಔತಣದ ಮೇಜಿನ ಮೇಲೆ ಒಂದು ಕಿತ್ತಳೆ ಮರ ನಿಂತಿತ್ತು. ಅದರ ಕೊಂಬೆ, ಎಲೆ ಎಲ್ಲವೂ ಸಕ್ಕರೆಯಿಂದ ಮಾಡಿದವು. ಜೊತೆಗೆ ಸಾವಿರಾರು ಸಕ್ಕರೆಯ ಆಕೃತಿಗಳಿದ್ದವು.

ಅಂತಹ ಮರವನ್ನು ಮಾಡಿದ ಕೈ ಯಾರದು? ಸುಲ್ತಾನನ ವೈಭವ ಪುಸ್ತಕದಲ್ಲಿ ಉಳಿಯಿತು, ಕುಶಲಕರ್ಮಿಯ ಹೆಸರು ಉಳಿಯಲಿಲ್ಲ. ಪ್ರಿಯ ಓದುಗರೇ, ಈ ಮಾತನ್ನು ನೆನಪಿನಲ್ಲಿಡಿ. ಇದಕ್ಕೆ ಮತ್ತೆ ಬರುತ್ತೇನೆ.

ಅರಮನೆಯ ಕಲೆ ಅರಮನೆಯಲ್ಲೇ ಉಳಿಯಲಿಲ್ಲ. ಈಜಿಪ್ಟಿನಲ್ಲಿ ಮೀಲಾದ್ ಸಂದರ್ಭದಲ್ಲಿ ಹೆಣ್ಣುಮಕ್ಕಳಿಗೆ ಸಕ್ಕರೆಯ ಗೊಂಬೆ, ಗಂಡುಮಕ್ಕಳಿಗೆ ಸಕ್ಕರೆಯ ಕುದುರೆ ಕೊಡುವ ಪದ್ಧತಿ ಬೆಳೆಯಿತು. ಮರದ ಅಚ್ಚಿಗೆ ಪಾಕ ಸುರಿದು ಗೊಂಬೆ ತೆಗೆದು, ಅದಕ್ಕೆ ಬಣ್ಣದ ಕಾಗದದ ಬೀಸಣಿಗೆಗಳನ್ನು ಅಂಟಿಸುತ್ತಾರೆ. ನಮ್ಮಲ್ಲಿಯೂ ಹೀಗೆಯೇ ಅಲ್ಲವೇ? ಮರದ ಅಚ್ಚನ್ನು ನೀರಿನಲ್ಲಿ ನೆನೆಸಿ, ಎರಡು ಹೋಳುಗಳನ್ನು ಬಿಗಿಯಾಗಿ ಕಟ್ಟುತ್ತಾರೆ. ಸಕ್ಕರೆ ಪಾಕಕ್ಕೆ ಸ್ವಲ್ಪ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಯಿಸಿ ತಿರುವಿ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ನೆನೆಯದಿದ್ದರೆ ಸಕ್ಕರೆ ಮರಕ್ಕೆ ಅಂಟಿಕೊಂಡು ಆನೆಯ ಸೊಂಡಿಲು ಮುರಿಯುತ್ತದೆ. ಈ ಸೂಕ್ಷ್ಮ ಕೈರೋದ ಕುಶಲಕರ್ಮಿಗೂ ಗೊತ್ತು, ಮೈಸೂರು ಸೀಮೆಯ ಅಜ್ಜಿಗೂ ಗೊತ್ತು.

ಯೂರೋಪಿನ ಮೇಜಿಗೆ

ಅರಬರು ಕಬ್ಬನ್ನು ಸಿಸಿಲಿ ಮತ್ತು ಸ್ಪೇನಿಗೆ ಒಯ್ದರು. ಸಕ್ಕರೆಯ ಜೊತೆ ಅಲಂಕಾರದ ಕಲೆಯೂ ಯೂರೋಪಿನ ಅರಮನೆಗಳನ್ನು ಸೇರಿತು. 1574ರಲ್ಲಿ ಫ್ರಾನ್ಸಿನ ಅರಸ ಮೂರನೆಯ ಹೆನ್ರಿ ವೆನಿಸ್‌ಗೆ ಬಂದಾಗ, ಮೇಜಿನ ಮೇಲಿದ್ದ ತಟ್ಟೆ, ಚಾಕು, ಕರವಸ್ತ್ರಗಳನ್ನೆಲ್ಲ ಸಕ್ಕರೆಯಿಂದಲೇ ಮಾಡಿ ಇಟ್ಟಿದ್ದರು. ಕರವಸ್ತ್ರ ಕೈಯಲ್ಲೇ ಮುರಿದಾಗ ಅರಸ ಬೆರಗಾದನು.

ಒಂದು ಶಬ್ದವಂತೂ ಇನ್ನೂ ದೂರ ಹೋಯಿತು. ಕಬ್ಬಿನ ರಸವನ್ನು ಗಟ್ಟಿಯಾಗಿ ಕಾಯಿಸಿದರೆ ಅದಕ್ಕೆ ಸಂಸ್ಕೃತದಲ್ಲಿ 'ಫಾಣಿತ' ಎನ್ನುತ್ತಾರೆ. ಅದು ಫಾರಸಿಯಲ್ಲಿ 'ಪಾನೀದ್', ಅರಬ್ಬಿಯಲ್ಲಿ 'ಫಾನೀದ್', ಸ್ಪ್ಯಾನಿಷ್‌ನಲ್ಲಿ 'ಅಲ್ಫೆನಿಕೆ' ಆಯಿತು. ಮೆಕ್ಸಿಕೋದ ಟೊಲೂಕಾ ನಗರದಲ್ಲಿ ಇಂದಿಗೂ ಗತಿಸಿದವರ ಸ್ಮರಣೆಯ ಹಬ್ಬಕ್ಕೆ ಮಾಡುವ ಸಕ್ಕರೆ ಗೊಂಬೆಗಳಿಗೆ ಇದೇ ಹೆಸರು.

ಸಿಹಿಯ ಹಿಂದಿನ ಕಹಿ

ಅರಸರ ಮೇಜಿನ ಸಕ್ಕರೆ ಸಾಮಾನ್ಯರ ಮನೆಗೆ ಹೇಗೆ ಬಂತು? ಈ ಪ್ರಶ್ನೆಯ ಉತ್ತರ ಸಿಹಿಯಾಗಿಲ್ಲ. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಕಬ್ಬನ್ನು ಕೆರಿಬಿಯನ್ ದ್ವೀಪಗಳಿಗೆ ಒಯ್ದನು. ಮುಂದಿನ ಶತಮಾನಗಳಲ್ಲಿ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಗುಲಾಮರನ್ನಾಗಿ ಅಟ್ಲಾಂಟಿಕ್ ದಾಟುವ ಹಡಗುಗಳಿಗೆ ಹತ್ತಿಸಲಾಯಿತು. ಅವರಲ್ಲಿ ಬಹುಪಾಲು ಜನರು ತಲುಪಿದ್ದು ಸಕ್ಕರೆ ಬೆಳೆಯುವ ನಾಡುಗಳಿಗೆ. ಕೇಕಿನ ಬಿಳುಪಿನ ಹಿಂದೆ ಅವರ ಬೆವರು, ರಕ್ತ ಇದೆ ಎಂಬುದನ್ನು ಮರೆಯಬಾರದು.

ಇದನ್ನು ಮೊದಲು ಮನೆಯೊಳಗೇ ಪ್ರತಿಭಟಿಸಿದವರಲ್ಲಿ ಗೃಹಿಣಿಯರು ಮುಖ್ಯರು. 1791ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಫಾಕ್ಸ್ ಗುಲಾಮರು ಬೆಳೆದ ಸಕ್ಕರೆಯನ್ನು ಬಿಡಿರೆಂದು ಕರಪತ್ರ ಬರೆದಾಗ ಸಾವಿರಾರು ಕುಟುಂಬಗಳು ಅದರಂತೆ ನಡೆದವು. 1820ರ ದಶಕದಲ್ಲಿ ಲೆಸ್ಟರ್ ನಗರದ ಎಲಿಜಬೆತ್ ಹೇರಿಕ್ ಮನೆ ಮನೆಗೆ ಹೋಗಿ ಇದನ್ನೇ ಕೇಳಿಕೊಂಡರು. 'ಇದು ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ' ಎಂದು ಬರೆದ ಬಟ್ಟಲುಗಳು ಮೇಜಿನ ಮೇಲೆ ಬಂದವು. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದತಿಯ ಕಾಯ್ದೆ ಮಾಡಿತು. ಅಡುಗೆಮನೆಯಲ್ಲಿ ಏನು ಬಳಸಬೇಕೆಂಬ ನಿರ್ಧಾರವೂ ಇತಿಹಾಸವನ್ನು ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ಪಾಠ ಬೇಕೇ?

ಅರಮನೆಯಿಂದ ಅಡುಗೆಮನೆಗೆ

1769ರಲ್ಲಿ ಎಲಿಜಬೆತ್ ರ‍್ಯಾಫಲ್ಡ್ ಎಂಬಾಕೆ ತನ್ನ ಅಡುಗೆ ಪುಸ್ತಕದಲ್ಲಿ ಮದುವೆಯ ಕೇಕಿಗೆ ಮೊದಲು ಬಾದಾಮಿಯ ಹೂರಣ, ಅದರ ಮೇಲೆ ಬಿಳಿ ಸಕ್ಕರೆಯ ಲೇಪ ಬಳಿಯುವ ವಿಧಾನವನ್ನು ಬರೆದಳು. ನುಣ್ಣನೆಯ ಸಕ್ಕರೆ ಪುಡಿಯನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿದರೆ ಅದು ಒಣಗಿ ಗಟ್ಟಿಯಾಗುತ್ತದೆ. ಇದನ್ನೇ 'ರಾಯಲ್ ಐಸಿಂಗ್' ಎನ್ನುತ್ತಾರೆ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಸುಮಾರು 300 ಪೌಂಡ್ ತೂಗುತ್ತಿತ್ತು. 1843ರಲ್ಲಿ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ತಯಾರಿಸಿದ ಮೇಲೆ ಕೇಕು ಉಬ್ಬಿಸಲು ಗಂಟೆಗಟ್ಟಲೆ ಮೊಟ್ಟೆ ಕಡೆಯುವ ಶ್ರಮ ತಪ್ಪಿತು. 1874ರಲ್ಲಿ ಬ್ರಿಟನ್ ಸಕ್ಕರೆಯ ಮೇಲಿನ ಸುಂಕವನ್ನು ತೆಗೆದುಹಾಕಿತು. 1929ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಡ್ಯೂಯಿ ವಿಲ್ಟನ್ ಕೇಕು ಅಲಂಕಾರವನ್ನು ತರಗತಿಯ ಪಾಠವಾಗಿ ಕಲಿಸತೊಡಗಿದರು. ಹೀಗೆ ಅರಸರ ವಿದ್ಯೆ ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆಯಾಯಿತು.

ನಮ್ಮ ಕಡೆಗೂ ಅದು ಬೇಗ ಬಂತು. ನಮ್ಮ ಕರಾವಳಿಯ ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು 1883ರಲ್ಲಿ ಸ್ಥಳೀಯ ಸಾಮಗ್ರಿಗಳನ್ನೇ ಬಳಸಿ ಕ್ರಿಸ್‌ಮಸ್ ಕೇಕು ಮಾಡಿದ್ದು ಪ್ರಸಿದ್ಧ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ 1970ರ ದಶಕದಿಂದ ಡಿಸೆಂಬರ್ ತಿಂಗಳಲ್ಲಿ ಕೇಕ್ ಪ್ರದರ್ಶನ ನಡೆದು ಬಂದಿದೆ. ಅಲ್ಲಿ ಸಕ್ಕರೆಯಲ್ಲಿ ಕಟ್ಟಿದ ದೊಡ್ಡ ದೊಡ್ಡ ಕಟ್ಟಡಗಳನ್ನು ನೋಡುವಾಗ ಕೈರೋದ ಕಿತ್ತಳೆ ಮರ ನೆನಪಾಗದೆ ಇರದು.

ನಾವು ಮಾಡಬೇಕಾದ್ದೇನು?

ಇಂದು ಸಕ್ಕರೆ ಅಚ್ಚು ಪೊಟ್ಟಣದಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಈಜಿಪ್ಟಿನ ಸಕ್ಕರೆ ಗೊಂಬೆಯ ಜಾಗಕ್ಕೂ ಬಹುಮಟ್ಟಿಗೆ ಪ್ಲಾಸ್ಟಿಕ್ ಗೊಂಬೆ ಬಂದಿದೆ. ಕೊಳ್ಳುವುದು ತಪ್ಪಲ್ಲ. ಆದರೆ ಒಂದು ತಲೆಮಾರು ಮಾಡುವುದನ್ನು ಬಿಟ್ಟರೆ ಮುಂದಿನ ತಲೆಮಾರಿಗೆ ಕಲಿಸುವವರೇ ಇರುವುದಿಲ್ಲ.

ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಈ ವಿದ್ಯೆ ಈಗಾಗಲೇ ಇದೆ. ಚಾಂದ್ ರಾತ್‌ನಲ್ಲಿ ಮೆಹಂದಿಯ ಕೋನ್ ಹಿಡಿದು ಅಂಗೈ ಮೇಲೆ ಬಳ್ಳಿ ಬಿಡಿಸುವ ಹುಡುಗಿ, ಬಟರ್ ಪೇಪರಿನ ಕೋನ್‌ನಲ್ಲಿ ಐಸಿಂಗ್ ತುಂಬಿ ಕೇಕಿನ ಮೇಲೆ ಅದೇ ಬಳ್ಳಿಯನ್ನು ಬಿಡಿಸಬಲ್ಲಳು. ಎರಡಕ್ಕೂ ಬೇಕಾದದ್ದು ಒಂದೇ ಸಮನಾದ ಒತ್ತಡ ಮತ್ತು ನಡುಗದ ಕೈ. 2020ರ ಲಾಕ್‌ಡೌನ್ ನಂತರ ಎಷ್ಟೋ ಮಹಿಳೆಯರು ಮನೆಯಲ್ಲೇ ಕೇಕು ಮಾಡಿ ಸಂಸಾರ ನಡೆಸಿದ್ದನ್ನು ನಾವು ಕಂಡಿದ್ದೇವೆ. ಹಾಗೆ ಮಾರುವವರು 2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ನೋಂದಣಿ ಮಾಡಿಸಿಕೊಳ್ಳುವುದು ಅಗತ್ಯ. "ಅದೇನು ಮಹಾ, ಅಡುಗೆಮನೆ ಕೆಲಸ" ಎನ್ನುವವರಿಗೆ ಅಳತೆ, ಶಾಖ, ರೇಖಾಗಣಿತ ಎಲ್ಲವೂ ಅದರಲ್ಲಿದೆ ಎಂದು ತಿಳಿಸಿ ಹೇಳಬೇಕು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ನಾನಿ, ದಾದಿ, ನೆರೆಮನೆಯ ಅಜ್ಜಿ ಇವರ ಬಳಿ ಕುಳಿತು, ಹಬ್ಬಕ್ಕೆ ಅವರು ಕೈಯಾರೆ ಮಾಡುತ್ತಿದ್ದ ಒಂದು ಸಿಹಿಯ ಇಲ್ಲವೇ ಒಂದು ಅಲಂಕಾರದ ವಿಧಾನವನ್ನು ಕೇಳಿ. ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ, ಅವರ ಮಾತಿನಲ್ಲೇ ಬರೆದಿಡಿ. ಕೊನೆಯಲ್ಲಿ ಅವರ ಹೆಸರು, ಊರು ಬರೆಯುವುದನ್ನು ಮರೆಯಬೇಡಿ. ಸಕ್ಕರೆಯ ಕಿತ್ತಳೆ ಮರ ಮಾಡಿದವರ ಹೆಸರು ನಮಗೆ ಸಿಗಲಿಲ್ಲ. ನಮ್ಮ ಮನೆಯ ಕೈಗಳ ಹೆಸರಾದರೂ ಮುಂದಿನವರಿಗೆ ಸಿಗಲಿ.