ಹಿತ್ತಲ ಶೆಡ್ಡಿನಿಂದ ಹಳಿಯವರೆಗೆ

1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆ ತನ್ನ ಮುಖ್ಯ ಮಾರ್ಗದ ಕೊನೆಯ ಉಗಿ ರೈಲನ್ನು ಓಡಿಸಿತು. ಅಲ್ಲಿಗೆ ಉಗಿಯ ಕಾಲ ಮುಗಿಯಿತೆಂದೇ ಬಹುಪಾಲು ಜನ ಭಾವಿಸಿದರು. ಸಾವಿರಾರು ಎಂಜಿನ್‌ಗಳು ಗುಜರಿಗೆ ಹೋದವು. ದಕ್ಷಿಣ ವೇಲ್ಸ್‌ನ ಬಂದರು ಪಟ್ಟಣ ಬ್ಯಾರಿಯಲ್ಲಿ ಡೈ ವುಡ್‌ಹ್ಯಾಮ್ ಎಂಬ ಗುಜರಿ ವ್ಯಾಪಾರಿ ಹೀಗೆ ಕೊಂಡ 297 ಎಂಜಿನ್‌ಗಳು ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತ ಸಾಲಾಗಿ ನಿಂತವು. ಹಳೆಯ ವ್ಯಾಗನ್‌ಗಳನ್ನು ಕತ್ತರಿಸುವ ಕೆಲಸವೇ ಕೈತುಂಬ ಇದ್ದುದರಿಂದ ಅವರು ಎಂಜಿನ್‌ಗಳ ತಂಟೆಗೆ ಬೇಗ ಹೋಗಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಹವ್ಯಾಸಿಗಳ ಸಂಘಗಳು ಚಂದಾ ಎತ್ತಿ ಅವುಗಳಲ್ಲಿ 213ನ್ನು ಕೊಂಡು ಸಾಗಿಸಿದವು. ನೂರಕ್ಕೂ ಹೆಚ್ಚು ಎಂಜಿನ್‌ಗಳು ಮತ್ತೆ ಉಗಿ ಹಿಡಿದು ಓಡಿದವು. ಹಳೆಯದರ ಮೇಲೆ ಬ್ರಿಟಿಷರಿಗಿರುವ ಮೋಹವೇ ಇದಕ್ಕೆ ಕಾರಣ ಎಂದು ಸಾಮಾನ್ಯವಾಗಿ ಹೇಳುವುದುಂಟು. ಮೋಹ ಚಂದಾ ಕೂಡಿಸಬಲ್ಲದು, ಸರಿ. ಆದರೆ ಕೊಳೆತ ಬಾಯ್ಲರ್ ಕೊಳವೆಯನ್ನು ತೆಗೆದು ಹೊಸದನ್ನು ಬಿಗಿಯಲು ಕೈಗೆ ಕಸುಬು ಗೊತ್ತಿರಬೇಕು. ರೈಲ್ವೆಯೇ ಕೈಬಿಟ್ಟ ಮೇಲೂ ಆ ಕಸುಬು ದೇಶದಲ್ಲಿ ಉಳಿದದ್ದಕ್ಕೆ ಒಂದು ಮುಖ್ಯ ಕಾರಣ, ಎಪ್ಪತ್ತು ವರ್ಷಗಳಿಂದ ಮನೆಯ ಹಿತ್ತಲ ಶೆಡ್ಡುಗಳಲ್ಲಿ ಪುಟ್ಟ ಎಂಜಿನ್ ಮಾಡುತ್ತಿದ್ದ ಹವ್ಯಾಸಿಗಳು ಎಂಬುದು ನನ್ನ ವಾದ. ಅವರನ್ನು ಆಟಿಕೆ ಮಾಡುವವರೆಂದು ಇತಿಹಾಸ ಬದಿಗೆ ಸರಿಸಿದ್ದು ಅನ್ಯಾಯ.

ಈ ಹವ್ಯಾಸಕ್ಕೆ ಸಂಘಟಿತ ರೂಪ ಬಂದದ್ದು 1898ರಲ್ಲಿ. ಆ ವರ್ಷದ ಜನವರಿಯಲ್ಲಿ ಪರ್ಸಿವಲ್ ಮಾರ್ಷಲ್ ಲಂಡನ್ನಿನಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರುಮಾಡಿದರು. ಅದೇ ವರ್ಷ ಹವ್ಯಾಸಿಗಳ ಸಂಘವೂ ಹುಟ್ಟಿತು. 1907ರಿಂದ ಪ್ರದರ್ಶನಗಳೂ ಆರಂಭವಾದವು. ಹೆನ್ಲಿ-ಆನ್-ಥೇಮ್ಸ್‌ನ ಸ್ಟುವರ್ಟ್ ಟರ್ನರ್ ಕಂಪನಿ ಪುಟ್ಟ ಎಂಜಿನ್‌ಗಳ ಎರಕದ ಭಾಗಗಳನ್ನು ನಕ್ಷೆಯ ಸಮೇತ ಮಾರುತ್ತಿತ್ತು. ಕೊಂಡವನ ಕೈಗೆ ಸಿಗುತ್ತಿದ್ದದ್ದು ಒರಟು ಎರಕ ಮಾತ್ರ. ಸಿಲಿಂಡರ್ ಕೊರೆಯುವುದು, ಪಿಸ್ಟನ್ ಹೊಂದಿಸುವುದು, ಕವಾಟದ ಸಮಯ ಕೂಡಿಸುವುದು ಎಲ್ಲ ಅವನದೇ ಕೆಲಸ. ಕಾಲಿನಿಂದ ತುಳಿದು ತಿರುಗಿಸುವ ಸಣ್ಣ ಲೇತ್‌ಗಳು ಮನೆಮನೆಗೆ ಬಂದವು. 1946ರಲ್ಲಿ ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್‌ನಲ್ಲಿ ತಯಾರಾಗತೊಡಗಿದ ಮೈಫರ್ಡ್ ಎಂಎಲ್-7 ಲೇತ್ ಮುಂದೆ ಹವ್ಯಾಸಿ ಶೆಡ್ಡಿನ ಗುರುತೇ ಆಯಿತು.

ಪುಟ್ಟ ಎಂಜಿನ್ ಎಂದರೆ ದೊಡ್ಡದರ ನಕಲು, ಅಳತೆ ಇಳಿಸಿದರೆ ಮುಗಿಯಿತು ಎಂದುಕೊಳ್ಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರೂವರೆ ಇಂಚು ಅಗಲದ ಹಳಿಯ ಮೇಲೆ ಓಡುವ ಎಂಜಿನ್ ಅಸಲಿನ ಹದಿನಾರನೆಯ ಒಂದು ಪಾಲು. ಉದ್ದ ಹದಿನಾರು ಪಾಲು ಇಳಿದಾಗ ಮೇಲ್ಮೈ 256 ಪಾಲು ಇಳಿಯುತ್ತದೆ, ಗಾತ್ರ 4096 ಪಾಲು. ಹಾಗಾಗಿ ಒಳಗಿರುವ ಉಗಿಗೆ ಹೋಲಿಸಿದರೆ ಅದರ ಬಿಸಿಯನ್ನು ಹೀರುವ ಸಿಲಿಂಡರ್ ಗೋಡೆ ಹದಿನಾರು ಪಟ್ಟು ಹೆಚ್ಚು. ಅಸಲಿ ಬಾಯ್ಲರಿನ ಎರಡು ಇಂಚಿನ ಹೊಗೆಕೊಳವೆಯನ್ನು ಅದೇ ಲೆಕ್ಕದಲ್ಲಿ ಇಳಿಸಿದರೆ ಮೂರು ಮಿಲಿಮೀಟರಿನ ಸಂದು ಉಳಿಯುತ್ತದೆ. ಮಸಿ ಕಟ್ಟಿ ಬೆಂಕಿಗೆ ಗಾಳಿ ಎಳೆಯುವುದೇ ನಿಂತುಹೋಗುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಯನ್ನು ಅಷ್ಟು ಸಪೂರ ಮಾಡಿದರೆ ನೀರು ಗಾಜಿಗೆ ಅಂಟಿಕೊಂಡು ಸುಳ್ಳು ಮಟ್ಟ ತೋರಿಸುತ್ತದೆ, ಬಾಯ್ಲರಿನಲ್ಲಿ ನೀರು ಕಮ್ಮಿಯಾದರೂ ಚಾಲಕನಿಗೆ ಗೊತ್ತಾಗುವುದಿಲ್ಲ. ಅಳತೆಯನ್ನು ಇಳಿಸಬಹುದು, ನೀರು, ಬೆಂಕಿ, ಉಗಿಗಳ ಸ್ವಭಾವವನ್ನು ಇಳಿಸಲಾಗದು. ಆದ್ದರಿಂದ ಕೊಳವೆ ಎಷ್ಟು, ಎಷ್ಟು ಅಗಲ, ಬೆಂಕಿಗೂಡು ಎಷ್ಟು ಆಳ ಎಂಬುದನ್ನೆಲ್ಲ ಮೊದಲಿನಿಂದ ಯೋಚಿಸಲೇಬೇಕು. ನಿಲ್ಲಿಸಿ ನೋಡುವ ಮಾದರಿಗೆ ಇದರ ಗೊಡವೆಯಿಲ್ಲ. ಓಡಬೇಕಾದ ಮಾದರಿ ತನ್ನನ್ನು ಮಾಡುವವನನ್ನು ವಿನ್ಯಾಸಕಾರನ ಪೀಠದಲ್ಲಿ ಕೂರಿಸುತ್ತದೆ.

ಇದು 1920ರ ದಶಕದಲ್ಲಿ ಬಹಿರಂಗ ಜಗಳವೇ ಆಯಿತು. ಎರಡೂವರೆ ಇಂಚು ಹಳಿಯಷ್ಟು ಸಣ್ಣ ಎಂಜಿನ್ನಿಗೆ ಕಲ್ಲಿದ್ದಲು ಒಗ್ಗದು, ಸ್ಪಿರಿಟ್ ದೀಪವೇ ಸರಿ ಎಂಬುದು ಆಗಿನ ಪ್ರತಿಷ್ಠಿತರ ಅಭಿಪ್ರಾಯ. ತಾನು ಕೆಲಸ ಮಾಡಿದ್ದ ರೈಲ್ವೆಯ ಹೆಸರಿನ ಮೊದಲಕ್ಷರಗಳನ್ನೇ ಕಾವ್ಯನಾಮ ಮಾಡಿಕೊಂಡು ‘ಎಲ್‌ಬಿಎಸ್‌ಸಿ’ ಎಂದು ಬರೆಯುತ್ತಿದ್ದ ಕರ್ಲಿ ಲಾರೆನ್ಸ್ ಇದನ್ನು ಒಪ್ಪಲಿಲ್ಲ. ಅವರ ‘ಆಯೇಷಾ’ ಎಂಬ ಎಂಜಿನ್, ನಿಜವಾದ ರೈಲ್ವೆ ಬಾಯ್ಲರಿನ ಮಾದರಿಯದೇ ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಸಿ, ವಯಸ್ಕರನ್ನು ಕೂರಿಸಿಕೊಂಡು ಎಳೆಯಿತು. ‘ಬಾಯ್ಲರ್‌ಗಳ ಸಮರ’ ಎಂದೇ ಹೆಸರಾದ ಈ ವಾದ 1924ರ ಸುಮಾರಿಗೆ ತಾರಕಕ್ಕೇರಿತು, ಮುಂದಿನ ಹವ್ಯಾಸಿಗಳೆಲ್ಲ ಹಿಡಿದದ್ದು ಲಾರೆನ್ಸ್ ದಾರಿಯನ್ನೇ. 1967ರಲ್ಲಿ ತೀರಿಕೊಳ್ಳುವವರೆಗೂ ಅವರು ಒಂದರ ಹಿಂದೊಂದು ವಿನ್ಯಾಸ ಪ್ರಕಟಿಸಿದರು. ಯಾವ ತಗಡನ್ನು ಎಲ್ಲಿ ಕತ್ತರಿಸಬೇಕು, ಯಾವ ರಂಧ್ರವನ್ನು ಮೊದಲು ಕೊರೆಯಬೇಕು ಎಂದು ಮಗ್ಗಿ ಹೇಳಿಕೊಡುವವರ ತಾಳ್ಮೆಯಿಂದ ಬರೆದರು. ಹೊಸಬರಿಗಾಗಿಯೇ ಮಾಡಿದ ‘ಟಿಚ್’ ಎಂಬ ನಾಲ್ಕು ಚಕ್ರದ ಎಂಜಿನ್ ಇಂದಿಗೂ ಶೆಡ್ಡುಗಳಲ್ಲಿ ಹುಟ್ಟುತ್ತಿದೆ.

ಆ ಪುಟ್ಟ ಬಾಯ್ಲರ್ ಹೇಗೆ ತಯಾರಾಗುತ್ತದೆ ಎಂದು ನೋಡಿದರೆ ನನ್ನ ವಾದ ಇನ್ನಷ್ಟು ಸ್ಪಷ್ಟವಾದೀತು. ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಅಚ್ಚಿನ ಮೇಲಿಟ್ಟು ಅಂಚನ್ನು ಬಡಿದು ಮಡಿಸುತ್ತ ಬಂದಂತೆ ಮತ್ತೆ ಗಡುಸಾಗುತ್ತದೆ, ಮತ್ತೆ ಕಾಯಿಸಬೇಕು. ಬಿಡದೆ ಬಡಿದರೆ ಸೀಳುತ್ತದೆ. ಆಮ್ಲದಲ್ಲಿ ತೊಳೆದ ಭಾಗಗಳನ್ನು ಜೋಡಿಸಿ, ಇಡೀ ಬಾಯ್ಲರನ್ನು ಒಟ್ಟಿಗೆ ಕೆಂಪೇರಿಸಿ, ಬೆಳ್ಳಿ ಬೆಸುಗೆ ಕರಗಿ ಸಂದಿನೊಳಗೆ ಹರಿಯುವ ಆ ಕ್ಷಣವನ್ನು ಕಣ್ಣಳತೆಯಲ್ಲೇ ಹಿಡಿಯಬೇಕು. ಕಾವು ಕಮ್ಮಿಯಾದರೆ ಬೆಸುಗೆ ಉಂಡೆಗಟ್ಟುತ್ತದೆ, ಹೆಚ್ಚಾದರೆ ಮೊದಲು ಹಾಕಿದ ಬೆಸುಗೆಯೇ ಕರಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಸಂಘದ ಪರೀಕ್ಷಕರು ಬಾಯ್ಲರಿಗೆ ನೀರು ತುಂಬಿಸಿ, ಕೆಲಸದ ಒತ್ತಡದ ಎರಡರಷ್ಟು ಒತ್ತಿ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಬಾಯ್ಲರ್ ಎಲ್ಲಿ ಸೋಲುತ್ತದೆ, ಬೆಂಕಿ ಎಲ್ಲಿ ತಿನ್ನುತ್ತದೆ, ಪರೀಕ್ಷೆ ಯಾಕೆ ಬೇಕು ಎಂಬ ತಿಳಿವಳಿಕೆ ಹೀಗೆ ಸಾವಿರಾರು ಜನರ ಕೈಗೆ ಹತ್ತಿತ್ತು. ದೊಡ್ಡ ಎಂಜಿನ್ ಮುಂದೆ ನಿಂತಾಗ ಅವರಿಗೆ ಅದು ಅಪರಿಚಿತವಾಗಿರಲಿಲ್ಲ.

ಇದು ಊಹೆಯಷ್ಟೇ ಅಲ್ಲ. ವೇಲ್ಸ್‌ನಲ್ಲಿ ಸ್ಲೇಟು ಕಲ್ಲು ಸಾಗಿಸಲು ಹಾಕಿದ್ದ ಟಾಲಿಲಿನ್ ರೈಲು ಮಾರ್ಗ 1950ರಲ್ಲಿ ಮಾಲೀಕರು ತೀರಿಕೊಂಡಾಗ ಮುಚ್ಚುವ ಹಂತಕ್ಕೆ ಬಂತು. ಲೇಖಕ ಟಾಮ್ ರೋಲ್ಟ್ ಮುಂದಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಸಭೆ ಕರೆದರು. 1951ರ ಮೇ ತಿಂಗಳಿಂದ ಸ್ವಯಂಸೇವಕರೇ ನಡೆಸುವ ಜಗತ್ತಿನ ಮೊದಲ ರೈಲು ಮಾರ್ಗ ಅದಾಯಿತು. ಅದರ ಮೊದಲ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರ್ ಡೇವಿಡ್ ಕರ್ವನ್ ಪುಟ್ಟ ಉಗಿ ಎಂಜಿನ್‌ಗಳ ನಿರ್ಮಾಪಕರು. ರೋಲ್ಟ್ ಕೂಡ 1930ರ ದಶಕದಲ್ಲಿ ಹಳೆಯ ಕಾರುಗಳ ಗ್ಯಾರೇಜ್ ನಡೆಸಿದವರು, 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬಿನ ಆರಂಭದ ಬಳಗದವರು. ಕಾರು, ರೈಲು, ಪುಟ್ಟ ಎಂಜಿನ್ ಮೂರೂ ಒಂದೇ ಬಳಗದ ಕೈಯಲ್ಲಿ ಓಡಾಡುತ್ತಿದ್ದವು. ಹೊಲ ಉಳುವ, ಭಾರ ಎಳೆಯುವ ಉಗಿ ಟ್ರ್ಯಾಕ್ಷನ್ ಎಂಜಿನ್‌ಗಳ ಕಥೆಯೂ ಇಂಥದೇ. ಡಬ್ಲ್ಯೂ. ಜೆ. ಹ್ಯೂಸ್ ಎಂಬವರು 1925ರಲ್ಲಿ ತಯಾರಾದ ‘ರಾಯಲ್ ಚೆಸ್ಟರ್’ ಎಂಬ ಆಲ್ಚಿನ್ ಎಂಜಿನ್ನನ್ನು ಆಧರಿಸಿ, ಮಾದರಿ ಮಾಡುವವರಿಗಾಗಿ ‘ಮಾಡೆಲ್ ಎಂಜಿನಿಯರ್’ನಲ್ಲಿ ಕಂತುಗಳಾಗಿ ಬರೆದರು, 1959ರಲ್ಲಿ ಟ್ರ್ಯಾಕ್ಷನ್ ಎಂಜಿನ್‌ಗಳ ನೂರು ವರ್ಷದ ಇತಿಹಾಸವನ್ನೂ ಪ್ರಕಟಿಸಿದರು. ಪುಟ್ಟದನ್ನು ಮಾಡಲೆಂದು ಬರೆದದ್ದು ದೊಡ್ಡದರ ದಾಖಲೆಯೂ ಆಯಿತು.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಟಾಲಿಲಿನ್‌ನ ನಾಲ್ಕನೆಯ ಎಂಜಿನ್ನನ್ನು ಪೂರ್ತಿ ದುರಸ್ತಿ ಮಾಡಿಕೊಟ್ಟದ್ದು ಲೀಡ್ಸ್‌ನ ಹನ್ಸ್‌ಲೆಟ್ ಕಾರ್ಖಾನೆ, ಅದೂ ಕಾಸು ಪಡೆಯದೆ. ಬ್ಯಾರಿಯ ಎಂಜಿನ್‌ಗಳಿಗೆ ಕೈ ಹಾಕಿದವರಲ್ಲಿ ರೈಲ್ವೆಯ ನಿವೃತ್ತ ಫಿಟ್ಟರ್‌ಗಳು, ಚಾಲಕರು ಬೇಕಾದಷ್ಟಿದ್ದರು. ಬ್ರಿಟಿಷ್ ರೈಲ್ವೆಯ ‘ಎ-1’ ದರ್ಜೆಯ 49 ಉಗಿ ಎಂಜಿನ್‌ಗಳೂ ಗುಜರಿಯಾದ ಮೇಲೆ, 1990ರಲ್ಲಿ ಹೊಸದೊಂದನ್ನು ಮಾಡಲು ಹೊರಟ ಅಭಿಮಾನಿಗಳ ‘ಟೊರ್ನೇಡೋ’ 2008ರಲ್ಲಿ ಹಳಿಗಿಳಿಯಿತಾದರೂ, ಅದರ ಬಾಯ್ಲರ್ ತಯಾರಾದದ್ದು ಜರ್ಮನಿಯ ಮೈನಿಂಗನ್ ಕಾರ್ಯಾಗಾರದಲ್ಲಿ. ಇವೆಲ್ಲ ನಿಜ, ಹವ್ಯಾಸಿಯ ಕೈಗೆ ಮಿತಿ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಟೊರ್ನೇಡೋ ಕೆಲಸವನ್ನು ಯಾವ ಕಾರ್ಖಾನೆಯೂ ತಾನಾಗಿ ಶುರುಮಾಡಲಿಲ್ಲ. ಏನು ಬೇಕು, ಎಷ್ಟು ಬೇಕು, ಯಾವ ಕೆಲಸವನ್ನು ಯಾರಿಗೆ ಒಪ್ಪಿಸಬೇಕು ಎಂದು ತೀರ್ಮಾನಿಸುವಷ್ಟು ಕಸುಬು ಬಲ್ಲವರು ಹೊರಗೆ ಇದ್ದದ್ದರಿಂದಲೇ ಕಾರ್ಖಾನೆಗಳಿಗೆ ಕೆಲಸ ಹೋಯಿತು. ನಿವೃತ್ತ ಫಿಟ್ಟರ್ ಒಂದು ತಲೆಮಾರಿನವರೆಗೆ ಸಾಕು. ಅವರ ಬಳಿಕ ಕಲಿಯಲು ಬಂದ ಹುಡುಗರಿಗೆ ರೈಲ್ವೆಯ ಕಾರ್ಯಾಗಾರ ಉಳಿದಿರಲಿಲ್ಲ, ಶೆಡ್ಡು ಉಳಿದಿತ್ತು. ಈ ಹವ್ಯಾಸವೇ ಉಳ್ಳವರ ಖಯಾಲಿ ಎಂಬ ಮಾತೂ ಇದೆ. ದುಬಾರಿ ಕಾರಿನ ಹರಾಜು ನೋಡಿದವರಿಗೆ ಹಾಗನ್ನಿಸುವುದು ಸಹಜ. ಲಾರೆನ್ಸ್ ಬರೆದದ್ದು ಸಲಕರಣೆ ಕಮ್ಮಿ ಇದ್ದವರಿಗಾಗಿ ಎಂಬುದೇ ಅದಕ್ಕೆ ಸಾಕಾದ ಉತ್ತರ.

ನಮ್ಮಲ್ಲಿ ಈ ಕಸುಬು ಬೇರೆ ದಾರಿಯಲ್ಲಿ ಉಳಿದಿದೆ. ನೀಲಗಿರಿಯ ಹಲ್ಲುಹಳಿ ರೈಲು ಇಂದಿಗೂ ಉಗಿಯಲ್ಲಿ ಏರುವುದರಿಂದ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ 2011ರಿಂದ ಈಚೆಗೂ ಹೊಸ ಉಗಿ ಎಂಜಿನ್‌ಗಳನ್ನು ಕಟ್ಟಿದೆ. ಎಂಜಿನ್ ಓಡಲೇಬೇಕಾದ ಕಡೆ ಕಸುಬು ಸಾಯುವುದಿಲ್ಲ ಎಂಬುದಕ್ಕೆ ಅದೂ ಸಾಕ್ಷಿ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ಸಂಗ್ರಹಾಲಯದ ಎಂಜಿನ್‌ಗಳು ನಿಂತಲ್ಲೇ ನಿಂತಿವೆ. ಅವನ್ನು ಓಡಿಸಿ ಎಂದು ನಾನು ಕೇಳುತ್ತಿಲ್ಲ. ಮೈಸೂರು, ಹುಬ್ಬಳ್ಳಿಗಳ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಅಲ್ಲಿನ ಒಂದು ಎಂಜಿನ್ನನ್ನಾದರೂ ಅಳೆದು ನಕ್ಷೆ ಬರೆಯಲಿ, ಉಗಿಯ ಕಾಲದಲ್ಲಿ ದುಡಿದ ಹಿರಿಯ ರೈಲ್ವೆ ನೌಕರರನ್ನು ಕೂರಿಸಿಕೊಂಡು ಅದರ ಬಾಯ್ಲರ್ ಹೇಗೆ ಬಿಚ್ಚುತ್ತಿದ್ದರೆಂದು ಬರೆದುಕೊಳ್ಳಲಿ, ಸಾಧ್ಯವಾದರೆ ಕಾಲೇಜಿನ ಲೇತ್‌ನಲ್ಲೇ ಅದರ ಪುಟ್ಟ ರೂಪವೊಂದನ್ನು ಕಡೆದು ಉಗಿ ಏರಿಸಲಿ. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.