ಅಜ್ಜಿಯ ಅನುಮಾನ ಮತ್ತು ಕೀವಿನ ಬ್ಯಾಂಡೇಜು

ಹೋದ ತಿಂಗಳು ದಾವಣಗೆರೆ ಸರಸ್ವತಿ ನಗರದ ನಮ್ಮ ಸೋದರಮಾವನಿಗೆ ಆಪರೇಷನ್ ಆಯ್ತು. ಎರಡು ಬಾಟಲಿ ರಕ್ತ ಬೇಕು ಅಂದ್ರು. ನನ್ನದು ಹೊಂದಲಿಲ್ಲ, ಯಾರೋ ಪುಣ್ಯಾತ್ಮರದು ಸಿಕ್ತು. ಆದರೆ ಅಜ್ಜಿ ಸಹಿ ಹಾಕೋಕೇ ಬಿಡ್ತಿಲ್ಲ!

"ಯಾರ್ದೋ ರಕ್ತ ಮೈಯಾಗೆ ಸೇರಿದ್ರೆ ನನ್ನ ಮಗ ನನ್ನ ಮಗನಾಗೇ ಉಳೀತಾನೇನೋ ತಮ್ಮಾ? ಡಿಎನ್ಎ ಅಂಬೋದು ರಕ್ತದಾಗೇ ಇರ್ತೈತಂತಲ್ಲ, ಟಿವಿಯಾಗೆ ಹೇಳ್ತಾರೆ..."

ಮೊದಲು ನಗು ಬಂತು. ಆಮೇಲೆ ನೋಡಿದ್ರೆ ಉತ್ತರ ನನಗೂ ಸರಿಯಾಗಿ ಗೊತ್ತಿಲ್ಲ. ಪಿಯುಸಿ ಮುಗಿದ ಮೇಲೆ ಬಯಾಲಜಿ ಮುಟ್ಟಿದವನಲ್ಲ ನಾನು. ಆಸ್ಪತ್ರೆ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದುತ್ತಾ ಹೋದೆ.

ಡಿಎನ್ಎ ಮೊದಲು ಸಿಕ್ಕಿದ್ದು ಕೀವಿನಲ್ಲಿ ಅಂದ್ರೆ ನಂಬ್ತೀರಾ? 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಫ್ರೀಡ್ರಿಕ್ ಮೀಶರ್ ಎಂಬ ಯುವಕ ಆಸ್ಪತ್ರೆಯಿಂದ ಬಿಸಾಡಿದ ಬ್ಯಾಂಡೇಜು ತರಿಸಿ, ಕೀವು ತೊಳೆದು, ಅದರಲ್ಲಿನ ಬಿಳಿ ರಕ್ತಕಣಗಳ ನ್ಯೂಕ್ಲಿಯಸ್ಸಿನಿಂದ ಹೊಸ ವಸ್ತುವೊಂದನ್ನು ಬೇರ್ಪಡಿಸಿದ. ಅವನ ಪ್ರಯೋಗಶಾಲೆ ಹಳೇ ಕೋಟೆಯೊಂದರ ಅಡುಗೆಮನೆ! ವಸ್ತುವಿಗೆ 'ನ್ಯೂಕ್ಲೀನ್' ಅಂತ ಹೆಸರಿಟ್ಟ. ಗುರುಗಳಾದ ಹೊಪ್ಪೆ-ಸೈಲರ್ ಪ್ರಯೋಗವನ್ನು ತಾವೇ ಮತ್ತೆ ಮಾಡಿ ನೋಡುವವರೆಗೂ ಪ್ರಕಟಿಸಲು ಬಿಡಲಿಲ್ಲ, 1871ರವರೆಗೆ ಕಾಯಬೇಕಾಯ್ತು. (ನಮ್ಮ ಕೋಡ್ ರಿವ್ಯೂ ಎಷ್ಟೋ ವಾಸಿ.)

ಮಜಾ ಏನಂದ್ರೆ, ರಕ್ತಕ್ಕೆ ಬಣ್ಣ ಕೊಡುವ ಕೆಂಪು ಕಣಗಳಲ್ಲಿ ಡಿಎನ್ಎ ಇಲ್ಲ. ಮೂಳೆಮಜ್ಜೆಯಲ್ಲಿ ಬಲಿಯುವಾಗಲೇ ಅವು ನ್ಯೂಕ್ಲಿಯಸ್ ಕಳಕೊಳ್ಳುತ್ತವೆ. ಇರೋದು ಬಿಳಿ ಕಣಗಳಲ್ಲಿ; ಹಾಗೇ ಚರ್ಮ, ಮೂಳೆ, ಹಲ್ಲು, ಕೂದಲಿನ ಬೇರು, ಕೆನ್ನೆಯ ಒಳಪದರ ಎಲ್ಲದರಲ್ಲೂ. ದಾನಿಯ ಬಿಳಿ ಕಣ ಒಂದಿಷ್ಟು ಒಳಗೆ ಹೋದರೂ ಅವುಗಳ ಡಿಎನ್ಎ ನಮ್ಮ ಜೀವಕೋಶಗಳ ಡಿಎನ್ಎಯನ್ನು ಬದಲಿಸೋದಿಲ್ಲ.

ನ್ಯೂಕ್ಲಿಯಸ್ಸಿನ ಹೊರಗೂ ಇದೆ ಅಂತ 1963ರಲ್ಲಿ ಗೊತ್ತಾಯ್ತು. ಮಾರ್ಗಿಟ್ ಮತ್ತು ಸಿಲ್ವನ್ ನಾಸ್ ಕೋಳಿ ಭ್ರೂಣದ ಮೈಟೊಕಾಂಡ್ರಿಯದಲ್ಲಿ ಡಿಎನ್ಎ ಎಳೆ ಕಂಡರು. ಮನುಷ್ಯರದ್ದನ್ನು 1981ರಲ್ಲಿ ಪೂರ್ತಿ ಓದಿದಾಗ ಬರೀ 16,569 ಅಕ್ಷರ. ಇದು ಬರೋದು ತಾಯಿಯಿಂದ.

ನಮ್ಮ ಉತ್ತರ ಕನ್ನಡದ ಸಿದ್ದಿಯರ ಚರಿತ್ರೆಗೂ ಇದೇ ಸಾಕ್ಷಿ ಹೇಳಿತು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದವರ ಊರು, ಹೆಸರನ್ನು ಯಾರು ಬರೆದಿಟ್ಟರು? 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಯಿಯ ಕಡೆಯ ಮೈಟೊಕಾಂಡ್ರಿಯ, ತಂದೆಯ ಕಡೆಯ ವೈ ಕ್ರೋಮೋಸೋಮ್ ಎರಡನ್ನೂ ನೋಡಿದರು. ಆಫ್ರಿಕಾದ ಮೂಲದ ಜೊತೆ ಭಾರತೀಯ, ಬಹುಶಃ ಯುರೋಪಿಯನ್ ಬೆರಕೆಯೂ ಕಂಡಿತು.

ಇಷ್ಟೆಲ್ಲ ಅಜ್ಜಿಗೆ ಹೇಳಲಿಲ್ಲ ಬಿಡಿ. "ನಿನ್ನಿಂದ ಬಂದದ್ದು ಮಾವನ ಮೈಯ ಮೂಲೆಮೂಲೆಯಾಗೂ ಐತಿ ಅಜ್ಜಿ, ಅಮ್ಮನಿಂದ ನನಗೂ ಬಂದೈತಿ. ಬಾಟಲಿ ರಕ್ತ ಅದನ್ನ ಅಳಿಸಲ್ಲ" ಅಂದೆ.

ಅಜ್ಜಿ ಸುಮ್ಮನೆ ನನ್ನ ಕೈ ಹಿಡಕೊಂಡು ನೋಡಿದಳು. ಆಮೇಲೆ, "ನರ್ಸಮ್ಮನ್ನ ಕರಿಯಪ್ಪಾ" ಅಂದಳು.