ಪೇಟೆಂಟ್ ಅರ್ಜಿಯೊಂದಿಗೆ ಸಲ್ಲಿಸುವ ಗಣಕ ಆಲೇಖಗಳು: ಮುದ್ರಣ ಹಾಗೂ ಕಡತ ಸಿದ್ಧತೆ

ಸಾರ್ವಜನಿಕರ ಮಾಹಿತಿಗಾಗಿ

ಪ್ರಯೋಗದ ಅಳತೆಗಳನ್ನು ಅಥವಾ ಲೆಕ್ಕಾಚಾರದ ಫಲಿತಾಂಶಗಳನ್ನು ಅವಲಂಬಿಸಿದ ಆವಿಷ್ಕಾರಗಳಿಗೆ ಪೇಟೆಂಟ್ ಕೋರುವವರು ಮ್ಯಾಟ್‌ಲ್ಯಾಬ್, ಗ್ನೂ ಆಕ್ಟೇವ್, ಸೈಲ್ಯಾಬ್ ಮೊದಲಾದ ತಂತ್ರಾಂಶಗಳಲ್ಲಿ ರಚಿಸಿದ ಆಲೇಖಗಳನ್ನು, ಅಂದರೆ ಗ್ರಾಫ್‌ಗಳನ್ನು, ಅರ್ಜಿಗೆ ಲಗತ್ತಿಸುವುದುಂಟು. ಮ್ಯಾಟ್‌ಲ್ಯಾಬ್‌ಗೆ ಪರವಾನಗಿ ಅಗತ್ಯ. ಆಕ್ಟೇವ್ ಮತ್ತು ಸೈಲ್ಯಾಬ್ ಮುಕ್ತ ತಂತ್ರಾಂಶಗಳಾಗಿದ್ದು, ಅವುಗಳನ್ನು ಶುಲ್ಕವಿಲ್ಲದೆ ಪಡೆಯಬಹುದು. ಕರ್ನಾಟಕದ ಅರ್ಜಿದಾರರು ಚೆನ್ನೈನಲ್ಲಿರುವ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಒಳಪಡುತ್ತಾರೆ. ಪರದೆಯ ಮೇಲೆ ಕಾಣುವ ಆಲೇಖವನ್ನು ನಿಯಮಗಳಿಗೆ ಅನುಗುಣವಾದ ಹಾಳೆಯನ್ನಾಗಿ ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಈ ಎಚ್ಚರಿಕೆ ಏಕೆ ಅಗತ್ಯ

ಪೇಟೆಂಟ್ ಕಾಯ್ದೆ, 1970ರ 10ನೇ ಕಲಮಿನ ಪ್ರಕಾರ ಅರ್ಜಿಯೊಂದಿಗೆ ಸಲ್ಲಿಸಿದ ನಕ್ಷೆಗಳು, ನಿಯಂತ್ರಕರು ಬೇರೆ ರೀತಿ ನಿರ್ದೇಶಿಸದ ಹೊರತು, ವಿವರಣಾ ಪತ್ರದ ಭಾಗವೆಂದೇ ಪರಿಗಣಿಸಲ್ಪಡುತ್ತವೆ. ಅದೇ ಕಾಯ್ದೆಯ 59ನೇ ಕಲಮಿನಂತೆ, ಮೂಲ ವಿವರಣಾ ಪತ್ರದಲ್ಲಿ ಸಾರತಃ ಪ್ರಕಟಪಡಿಸದ ವಿಷಯವನ್ನು ಮುಂದೆ ತಿದ್ದುಪಡಿಯ ಮೂಲಕ ಸೇರಿಸುವಂತಿಲ್ಲ. ಪರದೆಯ ಮೇಲೆ ಕೆಂಪು ಮತ್ತು ಹಸಿರು ಬಣ್ಣಗಳಲ್ಲಿ ಸ್ಪಷ್ಟವಾಗಿ ಬೇರೆಯಾಗಿ ಕಂಡ ಎರಡು ರೇಖೆಗಳು ಸಲ್ಲಿಸಿದ ಪ್ರತಿಯಲ್ಲಿ ಒಂದೇ ಬೂದು ಗೆರೆಯಾಗಿ ಬೆರೆತುಹೋಗಿದ್ದರೆ, ಯಾವುದು ಹಳೆಯ ವಿಧಾನ, ಯಾವುದು ಹೊಸ ವಿಧಾನ ಎಂಬುದನ್ನು ಅರ್ಜಿದಾರರು ಬಲ್ಲರೇ ಹೊರತು ದಾಖಲೆ ಹೇಳುವುದಿಲ್ಲ. ಆ ವ್ಯತ್ಯಾಸ ವಿವರಣೆಯ ಬರಹದಲ್ಲಿಯೂ ಇಲ್ಲದಿದ್ದಲ್ಲಿ, ಸ್ಪಷ್ಟವಾದ ಹೊಸ ಆಲೇಖವನ್ನು ನಂತರ ತಂದೊಪ್ಪಿಸಿದರೂ ಹೊಸ ವಿಷಯ ಸೇರಿಸಲಾಗಿದೆ ಎಂಬ ಆಕ್ಷೇಪಣೆಗೆ ಅವಕಾಶವಾಗುತ್ತದೆ. ಆದಕಾರಣ ಮುದ್ರಣದ ಸ್ಪಷ್ಟತೆಯನ್ನು ಕೇವಲ ಅಂದಚೆಂದದ ಪ್ರಶ್ನೆಯೆಂದು ಭಾವಿಸತಕ್ಕದ್ದಲ್ಲ.

ಹಾಳೆಯ ಅಳತೆ

ಪೇಟೆಂಟ್ ನಿಯಮಗಳು, 2003ರ 15ನೇ ನಿಯಮದಂತೆ ನಕ್ಷೆಗಳು ಎ4 ಹಾಳೆಯಲ್ಲಿರಬೇಕು. ಮೇಲ್ಭಾಗದಲ್ಲಿ ಮತ್ತು ಎಡಭಾಗದಲ್ಲಿ ಕನಿಷ್ಠ 4 ಸೆಂ.ಮೀ., ಕೆಳಭಾಗದಲ್ಲಿ ಮತ್ತು ಬಲಭಾಗದಲ್ಲಿ ಕನಿಷ್ಠ 3 ಸೆಂ.ಮೀ. ಅಂಚು ಬಿಡಬೇಕು. ಎ4 ಹಾಳೆಯ ಅಳತೆ 21 x 29.7 ಸೆಂ.ಮೀ. ಆಗಿರುವುದರಿಂದ ಆಲೇಖಕ್ಕೆ ಉಳಿಯುವ ಜಾಗ 14 x 22.7 ಸೆಂ.ಮೀ. ಮಾತ್ರ. 14 x 10.5 ಸೆಂ.ಮೀ. ಅಳತೆಯ ಎರಡು ಆಲೇಖಗಳನ್ನು ಒಂದರ ಕೆಳಗೊಂದರಂತೆ ಇರಿಸಿದರೆ ಚಿತ್ರಸಂಖ್ಯೆಗಳಿಗೆಂದು 1.7 ಸೆಂ.ಮೀ. ಉಳಿಯುತ್ತದೆ. ಮೂರನೆಯದನ್ನು ತುರುಕುವುದಕ್ಕಿಂತ ಇನ್ನೊಂದು ಹಾಳೆ ಬಳಸುವುದು ಲೇಸು.

ಆಕ್ಟೇವ್‌ನಲ್ಲಿ ಕಾಗದದ ಪೂರ್ವನಿಗದಿತ ಅಳತೆ ಅಮೆರಿಕದ ಲೆಟರ್ ಹಾಳೆ, ಅಂದರೆ 21.59 x 27.94 ಸೆಂ.ಮೀ. ಇದನ್ನು ಬದಲಾಯಿಸದೆ ಮುದ್ರಿಸಿದರೆ ಮುದ್ರಣಯಂತ್ರವು ಚಿತ್ರವನ್ನು ತನಗೆ ತೋಚಿದಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ ಅಂಚುಗಳನ್ನು ಕೆಡಿಸುವ ಸಂಭವವಿದೆ. ಆಕ್ಟೇವ್ ಮತ್ತು ಮ್ಯಾಟ್‌ಲ್ಯಾಬ್ ಎರಡರಲ್ಲಿಯೂ ಮೊದಲು ‘ಪೇಪರ್‌ಯೂನಿಟ್ಸ್’ ಗುಣವನ್ನು ಸೆಂಟಿಮೀಟರಿಗೆ, ನಂತರ ‘ಪೇಪರ್‌ಟೈಪ್’ ಗುಣವನ್ನು ಎ4ಕ್ಕೆ, ಕೊನೆಯಲ್ಲಿ ‘ಪೇಪರ್‌ಪೊಸಿಷನ್’ ಗುಣವನ್ನು 4, 3, 14, 22.7 ಎಂಬ ನಾಲ್ಕು ಅಂಕಿಗಳಿಗೆ ನಿಗದಿಪಡಿಸಬೇಕು. ಈ ಅಂಕಿಗಳು ಅನುಕ್ರಮವಾಗಿ ಎಡ ಅಂಚು, ಕೆಳ ಅಂಚು, ಅಗಲ ಮತ್ತು ಎತ್ತರವನ್ನು ಸೂಚಿಸುತ್ತವೆ. ಅಳತೆ ಹಾಳೆಯ ಎಡ ಕೆಳಮೂಲೆಯಿಂದ ಆರಂಭವಾಗುತ್ತದೆ. (ಆದೇಶಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕೊಡಲಾಗಿದೆ. ಗಣಕದಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.) ಮ್ಯಾಟ್‌ಲ್ಯಾಬ್‌ಗೆ 2020ರಲ್ಲಿ ಸೇರ್ಪಡೆಯಾದ ‘ಎಕ್ಸ್‌ಪೋರ್ಟ್‌ಗ್ರಾಫಿಕ್ಸ್’ ಆದೇಶವು ಚಿತ್ರದ ಸುತ್ತಲಿನ ಖಾಲಿ ಜಾಗವನ್ನು ಕತ್ತರಿಸಿಹಾಕುತ್ತದೆ. ಅದನ್ನು ಬಳಸುವವರು ಅಂಚುಗಳನ್ನು ಪದಸಂಸ್ಕರಣ ಕಡತದಲ್ಲಿ ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ.

ಬರಹ ಮತ್ತು ರೇಖೆಗಳು

ಹರಿವಿನ ನಕ್ಷೆಗಳನ್ನು ಹೊರತುಪಡಿಸಿ ಉಳಿದ ನಕ್ಷೆಗಳ ಮೇಲೆ ವಿವರಣಾತ್ಮಕ ಬರಹ ಇರಕೂಡದೆಂದು 15ನೇ ನಿಯಮ ತಿಳಿಸುತ್ತದೆ. ಆದ್ದರಿಂದ ಲೇಖನಗಳಲ್ಲಿ ವಾಡಿಕೆಯಂತೆ ಹಾಕುವ ಶೀರ್ಷಿಕೆಯನ್ನೂ ಮೂಲೆಯಲ್ಲಿನ ರೇಖಾಸೂಚಿಯನ್ನೂ ತೆಗೆದುಹಾಕಬೇಕು. ಪ್ರತಿ ರೇಖೆಯ ಪಕ್ಕದಲ್ಲಿ 10, 12, 14 ಎಂಬಂತೆ ಉಲ್ಲೇಖ ಸಂಖ್ಯೆ ಹಾಕಿ, ಆ ಸಂಖ್ಯೆಯ ಅರ್ಥವನ್ನು ವಿವರಣಾ ಪತ್ರದಲ್ಲಿ ಬರೆಯಬೇಕು. ಅಕ್ಷಗಳ ಬಳಿ ಪರಿಮಾಣದ ಸಂಕೇತ ಮತ್ತು ಮಾನವನ್ನಷ್ಟೇ ಇರಿಸುವುದು ಸೂಕ್ತ. ಅರ್ಜಿಯ ದಾಖಲೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದು ಅದೇ ನಿಯಮಗಳಲ್ಲಿ ವಿಧಿಸಿರುವುದರಿಂದ, ಕನ್ನಡದಲ್ಲಿ ಅಕ್ಷನಾಮಗಳನ್ನು ಬರೆದಿರುವವರು ಅವುಗಳನ್ನು ಬದಲಾಯಿಸಿಕೊಳ್ಳತಕ್ಕದ್ದು.

ಅರ್ಜಿದಾರರು ಮುಂದೆ ಪೇಟೆಂಟ್ ಸಹಕಾರ ಒಪ್ಪಂದದಡಿ ಅಂತರರಾಷ್ಟ್ರೀಯ ಅರ್ಜಿ ಸಲ್ಲಿಸುವ ಉದ್ದೇಶ ಹೊಂದಿದ್ದರೆ ಅಲ್ಲಿನ ನಿಬಂಧನೆಗಳನ್ನು ಈಗಲೇ ಪಾಲಿಸುವುದು ಜಾಣತನ. ಆ ಒಪ್ಪಂದದ ನಿಯಮಾವಳಿಯ 11.13ನೇ ನಿಯಮವು ಬಣ್ಣವಿಲ್ಲದ, ದಟ್ಟವಾದ ಕಪ್ಪು ರೇಖೆಗಳನ್ನು ಅಪೇಕ್ಷಿಸುತ್ತದೆ. ಅಂಕಿ ಮತ್ತು ಅಕ್ಷರಗಳ ಎತ್ತರ 0.32 ಸೆಂ.ಮೀ.ಗಿಂತ ಕಡಿಮೆ ಇರಬಾರದೆಂದು ವಿಧಿಸುತ್ತದೆ. ಮ್ಯಾಟ್‌ಲ್ಯಾಬ್ ಮತ್ತು ಆಕ್ಟೇವ್‌ಗಳ ಪೂರ್ವನಿಗದಿತ ಅಕ್ಷರಗಾತ್ರ 10 ಪಾಯಿಂಟ್. ಈ ಗಾತ್ರದಲ್ಲಿ ಅಚ್ಚಾಗುವ ಅಂಕಿಯ ಎತ್ತರ ಸುಮಾರು 0.25 ಸೆಂ.ಮೀ. ಮಾತ್ರ. 14 ಪಾಯಿಂಟ್‌ಗೆ ಏರಿಸಿದರೆ ಅಂಕಿಗಳೂ ಇಂಗ್ಲಿಷಿನ ದೊಡ್ಡಕ್ಷರಗಳೂ ಮಿತಿಯನ್ನು ದಾಟುತ್ತವೆ. ಸಣ್ಣಕ್ಷರಗಳು ಆಗಲೂ ಕಡಿಮೆ ಬೀಳುವುದರಿಂದ ದೊಡ್ಡಕ್ಷರಗಳನ್ನೇ ಬಳಸುವುದು ಒಳಿತು.

ಬಣ್ಣಕ್ಕೆ ಬದಲಾಗಿ ಪೂರ್ಣಗೆರೆ, ತುಂಡುಗೆರೆ, ಚುಕ್ಕೆಗೆರೆ, ತುಂಡು-ಚುಕ್ಕೆ ಗೆರೆ ಎಂಬ ನಾಲ್ಕು ಬಗೆಗಳು ಲಭ್ಯ. ಐದನೆಯ ರೇಖೆ ಬಂದಾಗ ವೃತ್ತ ಅಥವಾ ಚೌಕದ ಗುರುತುಗಳನ್ನು ಸೇರಿಸಬೇಕು. ಸಾವಿರ ಬಿಂದುಗಳಿರುವ ರೇಖೆಯ ಪ್ರತಿ ಬಿಂದುವಿಗೂ ಗುರುತು ಹಾಕಿದರೆ ರೇಖೆ ಕಪ್ಪು ಪಟ್ಟಿಯಂತಾಗುತ್ತದೆ. ಐವತ್ತು ಬಿಂದುಗಳಿಗೊಮ್ಮೆ ಹಾಕಿದರೆ ಸಾಕು. ರೇಖೆಯ ದಪ್ಪವನ್ನು 0.5 ಪಾಯಿಂಟ್‌ನಿಂದ 1.5ರಷ್ಟಕ್ಕೆ ಹೆಚ್ಚಿಸಬೇಕು.

ಮೇಲ್ಮೈ ಚಿತ್ರಗಳಲ್ಲಿ ಅಪಾಯ ಇನ್ನೂ ಹೆಚ್ಚು. ಮ್ಯಾಟ್‌ಲ್ಯಾಬ್‌ನಲ್ಲಿ 2014ರವರೆಗೆ ಪೂರ್ವನಿಗದಿತವಾಗಿದ್ದ ‘ಜೆಟ್’ ಬಣ್ಣಪಟ್ಟಿಯಲ್ಲಿ ಕನಿಷ್ಠ ಬೆಲೆಗೆ ಕಡುನೀಲಿ, ಗರಿಷ್ಠ ಬೆಲೆಗೆ ಕಡುಕೆಂಪು ಬರುತ್ತದೆ. ಬೂದುವರ್ಣಕ್ಕೆ ಇಳಿದಾಗ ಇವೆರಡೂ ಕಪ್ಪಾಗಿ, ನಡುವಿನ ಬೆಲೆಗಳು ಮಾತ್ರ ಬೆಳ್ಳಗೆ ಕಾಣುತ್ತವೆ. ಕುಲುಮೆಯ ಅತಿ ತಣ್ಣನೆಯ ಭಾಗವೂ ಅತಿ ಬಿಸಿಯಾದ ಭಾಗವೂ ಒಂದೇ ಎಂದು ಓದುವವರು ಭಾವಿಸುವಂತಾಗುತ್ತದೆ. ಹಳೆಯ ಆದೇಶಕಡತಗಳನ್ನು ಮರುಬಳಕೆ ಮಾಡುವವರು ಇದನ್ನು ಅವಶ್ಯವಾಗಿ ಗಮನಿಸಬೇಕು. ಸಾಧ್ಯವಿದ್ದೆಡೆ ಸಂಖ್ಯೆ ನಮೂದಿಸಿದ ಸಮಮೌಲ್ಯ ರೇಖೆಗಳಿಂದ ಅದೇ ಮಾಹಿತಿಯನ್ನು ತೋರಿಸುವುದು ಹೆಚ್ಚು ಸುರಕ್ಷಿತ.

ಕಡತದ ರೂಪ

ರೇಖೆಗಳಷ್ಟೇ ಇರುವ ಆಲೇಖವನ್ನು ಪಿಡಿಎಫ್ ಅಥವಾ ಎಸ್‌ವಿಜಿ ರೂಪದಲ್ಲಿ ಉಳಿಸಬೇಕು. ಇವುಗಳಲ್ಲಿ ರೇಖೆಯನ್ನು ರೇಖೆಯಾಗಿಯೇ ದಾಖಲಿಸುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಇದಕ್ಕಾಗಿ ಆಕ್ಟೇವ್ ಮತ್ತು ಮ್ಯಾಟ್‌ಲ್ಯಾಬ್‌ಗಳಲ್ಲಿ ‘ಪ್ರಿಂಟ್’ ಆದೇಶವೂ ಸೈಲ್ಯಾಬ್‌ನಲ್ಲಿ ‘ಎಕ್ಸ್‌ಎಸ್2ಪಿಡಿಎಫ್’ ಆದೇಶವೂ ಇವೆ. ಲಕ್ಷಾಂತರ ತುಣುಕುಗಳುಳ್ಳ ಮೇಲ್ಮೈ ಚಿತ್ರದ ಪಿಡಿಎಫ್ ಕಡತ ಅತಿ ದೊಡ್ಡದಾಗುವುದರಿಂದ ಅಂಥವುಗಳಿಗೆ ಪಿಎನ್‌ಜಿ ರೂಪವನ್ನು ಆರಿಸಿಕೊಳ್ಳಬಹುದು. ಜೆಪೆಗ್ ಛಾಯಾಚಿತ್ರಗಳಿಗೆ ಮೀಸಲಾದ ರೂಪ; ಅದು ತೆಳುಗೆರೆಗಳ ಸುತ್ತ ಕಲೆಗಳನ್ನು ಉಂಟುಮಾಡುತ್ತದೆ.

ಪರದೆಯ ಛಾಯೆಯನ್ನು ತೆಗೆದು ಅಂಟಿಸುವ ಅಭ್ಯಾಸವನ್ನು ಕೈಬಿಡಬೇಕು. ಚಿತ್ರದ ಕಿಟಕಿಯ ಪೂರ್ವನಿಗದಿತ ಅಳತೆ 560 x 420 ಪಿಕ್ಸೆಲ್. ಇದನ್ನು 14 ಸೆಂ.ಮೀ. ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ ಸುಮಾರು 100 ಬಿಂದುಗಳಷ್ಟೇ ದೊರೆಯುತ್ತವೆ. ಇಂಚಿಗೆ 300 ಬಿಂದುಗಳ ಮುದ್ರಣಕ್ಕೆ ಅದೇ ಅಗಲದಲ್ಲಿ 1,654 ಪಿಕ್ಸೆಲ್‌ಗಳು ಬೇಕು. ಆದಕಾರಣ ಪಿಎನ್‌ಜಿ ಕಡತ ತಯಾರಿಸುವಾಗ ‘ಪ್ರಿಂಟ್’ ಆದೇಶಕ್ಕೆ 300 ಎಂಬ ಸಾಂದ್ರತೆಯನ್ನು ಸ್ಪಷ್ಟವಾಗಿ ನಮೂದಿಸಬೇಕು. ನಮೂದಿಸದಿದ್ದಲ್ಲಿ 150 ಎಂದೇ ಭಾವಿಸಲಾಗುತ್ತದೆ.

ಸಲ್ಲಿಸುವ ಮುನ್ನ

ತಂತ್ರಾಂಶವು ಕಡತಕ್ಕಾಗಿ ಚಿತ್ರವನ್ನು ಹೊಸದಾಗಿ ಬಿಡಿಸುತ್ತದೆ; ಪರದೆಯಲ್ಲಿದ್ದಂತೆಯೇ ಅದು ಬಂದಿದೆ ಎಂದು ನಂಬುವಂತಿಲ್ಲ. ಪಿಡಿಎಫ್ ತೆರೆದು, ಮುದ್ರಣದ ಆಯ್ಕೆಗಳಲ್ಲಿ ‘ಪುಟಕ್ಕೆ ಹೊಂದಿಸು’ ಎಂಬುದನ್ನು ತೆಗೆದು ನಿಜ ಅಳತೆಯನ್ನು ಆರಿಸಿ ಮುದ್ರಿಸಬೇಕು. ಅಂಚುಗಳನ್ನೂ ಅಂಕಿಗಳ ಎತ್ತರವನ್ನೂ ಅಳತೆಪಟ್ಟಿಯಿಂದ ಅಳೆದು ನೋಡಬೇಕು. ಆ ಹಾಳೆಯ ಕಪ್ಪು-ಬಿಳುಪು ಜೆರಾಕ್ಸ್ ತೆಗೆಸಿ, ಅದರ ಮತ್ತೊಂದು ಜೆರಾಕ್ಸ್ ತೆಗೆಸಿ, ವಿಷಯ ತಿಳಿಯದ ಒಬ್ಬರು ರೇಖೆಗಳನ್ನು ಎಣಿಸಬಲ್ಲರೇ ಎಂದು ಪರೀಕ್ಷಿಸುವುದು ಕೆಲವೇ ರೂಪಾಯಿಗಳಲ್ಲಿ ಮುಗಿಯುವ ಕೆಲಸ.

ಪ್ರತಿ ಹಾಳೆಯ ಎಡ ಮೇಲ್ಮೂಲೆಯಲ್ಲಿ ಅರ್ಜಿದಾರರ ಹೆಸರು, ಬಲ ಮೇಲ್ಮೂಲೆಯಲ್ಲಿ ಒಟ್ಟು ಹಾಳೆಗಳ ಸಂಖ್ಯೆ ಹಾಗೂ ಆ ಹಾಳೆಯ ಕ್ರಮಸಂಖ್ಯೆ, ಬಲ ಕೆಳಮೂಲೆಯಲ್ಲಿ ಅರ್ಜಿದಾರರ ಅಥವಾ ಅವರ ಏಜೆಂಟರ ಸಹಿ ಇರತಕ್ಕದ್ದು. ಆಲೇಖವನ್ನು ರಚಿಸಿದ ಆದೇಶಕಡತ ಮತ್ತು ಮೂಲ ದತ್ತಾಂಶವನ್ನು ಸಲ್ಲಿಸಿದ ಪಿಡಿಎಫ್‌ನೊಂದಿಗೆ ಒಂದೇ ಕಡೆ ಕಾಪಾಡಿಕೊಳ್ಳಬೇಕು. ಅಂಚಿನ ಅಳತೆ ಅಥವಾ ಅಕ್ಷರಗಾತ್ರದ ಬಗ್ಗೆ ಮಾತ್ರ ಆಕ್ಷೇಪಣೆ ಬಂದಲ್ಲಿ, ಅದೇ ದತ್ತಾಂಶದಿಂದ ಅದೇ ರೇಖೆಗಳನ್ನು ಮತ್ತೆ ಬಿಡಿಸಿ ಒಪ್ಪಿಸಲು ಇವು ಬೇಕಾಗುತ್ತವೆ.